ಆಣೆಗೆ ವಕಾಲತ್ತು ಇಲ್ಲ

ಹಾಜಿಯವರ ಕೇಸನ್ನು ನಾವು ನಡುವಿನಲ್ಲಿ ಬಿಟ್ಟೆವು ಎಂಬುದು ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿರುವ ನಮ್ಮ ಊರಿನವರಿಗೆಲ್ಲ ಗೊತ್ತು. ಯಾಕೆ ಬಿಟ್ಟೆವು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಬಾಯಿಗೆ ಬಂದ ಹಾಗೆ ಮಾತಾಡಿದವರೂ ಇದ್ದಾರೆ. ಎದುರು ಪಕ್ಷದವರು ನಮ್ಮನ್ನು ಬುಟ್ಟಿಗೆ ಹಾಕಿಕೊಂಡರು ಎಂದು ಒಬ್ಬ ಮಹಾನುಭಾವರು ನನ್ನ ಕಿವಿಗೇ ಬೀಳುವಂತೆ ಹೇಳಿದ್ದರು. ಅಷ್ಟು ದಿನ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ, ಏಕೆಂದರೆ ಕಕ್ಷಿದಾರನ ಗುಟ್ಟು ಹೇಳಲು ನಾನು ಯಾರು? ಈಗ ಹಾಜಿಯವರೇ "ಬರೀರಿ ಮಾರಾಯ್ರೆ, ಹೆಸರೊಂದು ಹಾಕ್ಬೇಡಿ" ಎಂದಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಾನು ಪುತ್ತೂರಿನವಳು, ಅಲ್ಲಿನ ಕೋರ್ಟಿನಲ್ಲಿ ಕರಿಕೋಟು ಹಾಕಿ ಓಡಾಡಿದವಳು. ದೋಹಾದ ಈ ವಕೀಲರ ಕಚೇರಿಯಲ್ಲಿ ನನ್ನನ್ನು ಕಾನೂನು ಸಲಹೆಗಾರ್ತಿ ಎನ್ನುತ್ತಾರೆ. ಆದರೆ ಇಲ್ಲಿನ ನ್ಯಾಯಾಲಯದಲ್ಲಿ ಎದ್ದು ನಿಂತು ವಾದಿಸುವ ಹಕ್ಕು ನನಗಿಲ್ಲ. ಆ ಕೆಲಸ ನಮ್ಮ ಹಿರಿಯ ವಕೀಲರದ್ದು, ಅವರು ಕತಾರಿನವರೇ. ವಕೀಲರನ್ನು ಇಲ್ಲಿ ಉಸ್ತಾದ್ ಎಂದು ಕರೆಯುವುದು ವಾಡಿಕೆ, ನಾನೂ ಹಾಗೆಯೇ ಕರೆಯುತ್ತೇನೆ. ಕಕ್ಷಿದಾರರು ಕನ್ನಡದಲ್ಲೋ ಹಿಂದಿಯಲ್ಲೋ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಕರಡು ಮಾಡುತ್ತೇನೆ, ನಮ್ಮ ಅನುವಾದಕರು ಅದನ್ನು ಅರಬ್ಬಿಗೆ ತರುತ್ತಾರೆ, ಉಸ್ತಾದ್ ತಿದ್ದಿ ಸಲ್ಲಿಸುತ್ತಾರೆ. ಕಕ್ಷಿದಾರ ಏನು ಹೇಳಿದ, ಏನು ನುಂಗಿಕೊಂಡ ಎಂದು ಮೊದಲು ತಿಳಿಯಬೇಕಾದವಳು ನಾನೇ.

ಹಾಜಿಯವರು ನಮ್ಮ ಕಡೆಯವರೇ, ಉಪ್ಪಿನಂಗಡಿಯ ಆಚೆಯ ಬ್ಯಾರಿ ಕುಟುಂಬದವರು. ಬಿನ್ ಮಹಮೂದಿನ ಹಳೆಯ ಕಟ್ಟಡಗಳ ನಡುವೆ ಅವರದೊಂದು ಕ್ಯಾಫೆಟೇರಿಯಾ. ಕರಕ್ ಚಹಾ, ಪರೋಟ, ಮೊಟ್ಟೆ ರೋಸ್ಟು. ಸಂಜೆ ಹೊತ್ತು ಅಂಗಡಿಯ ಮುಂದೆ ಕಾರುಗಳು ಹಾರನ್ ಹೊಡೆಯುತ್ತ ನಿಂತಿರುತ್ತವೆ, ಹುಡುಗರು ಕಿಟಕಿಗೇ ಚಹಾ ತಂದುಕೊಡುತ್ತಾರೆ. ಗಲ್ಲಾದಲ್ಲಿ ಹಾಜಿಯವರು, ಒಳಗಿನ ಕಾವಲಿಯ ಮುಂದೆ ಅವರ ಹೆಂಡತಿಯ ತಮ್ಮ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವವರು. ಈ ಕಥೆಯಲ್ಲಿ ತಮ್ಮನನ್ನು ಮಾತ್ರ ನಾನು ಭಾವ ಎನ್ನುತ್ತೇನೆ.

ಜಗಳ ಇಷ್ಟೇ. ಭಾವ ದೋಹಾದ ಹೊರವಲಯದ ಅಲ್ ಗರಾಫಾದಲ್ಲಿ ಅದೇ ಹೆಸರಿನ ಇನ್ನೊಂದು ಅಂಗಡಿ ತೆರೆಯುತ್ತೇನೆ ಎಂದರು. ಅಂಗಡಿ ಕಟ್ಟಿದ್ದು ಇಬ್ಬರೂ ಸೇರಿ, ಹೆಸರೂ ಇಬ್ಬರದ್ದು ಎಂದು ಅವರ ವಾದ. ಹಾಜಿಯವರಿಗೆ ಅದು ಬೆನ್ನಿಗೆ ಚೂರಿ ಹಾಕಿದಂತಾಯಿತು. "ನೀನು ಅಡುಗೆಯವ, ಅಷ್ಟೆ" ಎಂದುಬಿಟ್ಟರು, ಅದೂ ಕೆಲಸದವರ ಎದುರು. ಭಾವ ಅಂದೇ ಏಪ್ರನ್ ಬಿಚ್ಚಿಟ್ಟು ಹೋದರು. ತಾನು ಈ ವ್ಯಾಪಾರದಲ್ಲಿ ಪಾಲುದಾರ ಎಂದು ಘೋಷಿಸಬೇಕೆಂದು ದಾವೆ ಹಾಕಿದರು.

ಕಾಗದಗಳೆಲ್ಲ ನಮ್ಮ ಕಡೆಗಿದ್ದವು. ಲೈಸನ್ಸಿನಲ್ಲಿ ಭಾವನ ಹೆಸರಿಲ್ಲ. ಅವರ ಕತಾರ್ ಐಡಿಯಲ್ಲಿ ಉದ್ಯೋಗ ಅಡುಗೆಯವ ಎಂದೇ ಇತ್ತು. ಉಳಿದ ಕೆಲಸದವರಂತೆಯೇ ಅವರಿಗೂ ಸಂಬಳ ಬ್ಯಾಂಕಿಗೆ ಹೋಗುತ್ತಿತ್ತು. ಆದರೂ ಊರಿನವರ ವ್ಯವಹಾರ ನನಗೆ ಗೊತ್ತಿಲ್ಲವೇ? ಒಬ್ಬರ ಹೆಸರಿನಲ್ಲಿ ಕಾಗದ, ನಾಲ್ವರ ಬೆವರು. ಹಾಗಾಗಿ ತಿರುಗಿಸಿ ಮುರುಗಿಸಿ ಕೇಳಿದೆ.

"ಹಾಜಿಯವರೇ, ಎಲ್ಲಾದರೂ, ಯಾರೆದುರಾದರೂ, ಬಾಯಿಮಾತಿಗಾದರೂ ಅವರು ಪಾಲುದಾರರು ಅಂತ ಒಪ್ಪಿದ್ದೀರಾ?"

"ಎಂತ ಒಪ್ಪುದು ಮೇಡಂ? ಎಲ್ಲಿಯೂ ಇಲ್ಲ."

"ಸರಿಯಾಗಿ ನೆನಪು ಮಾಡಿ. ನಾಳೆ ಅವರು ಯಾರನ್ನಾದರೂ ಸಾಕ್ಷಿ ಕರೆದರೆ?"

"ಯಾರನ್ನೂ ಕರೀಲಿಕ್ಕಿಲ್ಲ, ನೀವು ನೋಡಿ" ಎಂದರು. ಅದನ್ನು ಹೇಳುವಾಗ ಅವರ ದನಿಯಲ್ಲಿದ್ದ ಧೈರ್ಯ ನನಗೆ ಸತ್ಯದ ಧೈರ್ಯದಂತೆಯೇ ಕೇಳಿಸಿತು.

ಅವರು ಹೇಳಿದಂತೆಯೇ ಆಯಿತು. ಭಾವ ಒಬ್ಬ ಸಾಕ್ಷಿಯನ್ನೂ ತರಲಿಲ್ಲ. ನಮ್ಮ ಉತ್ತರ ಸಲ್ಲಿಕೆಯಾಯಿತು, ಪೀಠ ಕಾಗದಗಳನ್ನು ನೋಡಿತು. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಆಗ ಎದುರು ಪಕ್ಷದ ವಕೀಲರು ಒಂದು ಅರ್ಜಿ ಹಾಕಿದರು. ಅನುವಾದಕರು ಅದನ್ನು ನನ್ನ ಮೇಜಿನ ಮೇಲಿಟ್ಟು, "ಇದು ಬಂದೇ ಬರುತ್ತದೆ ಅಂದುಕೊಂಡಿದ್ದೆ" ಎಂದರು.

ಇಲ್ಲಿನ ಕಾನೂನಿನಲ್ಲಿ ಬೇರೆ ಪುರಾವೆ ಇಲ್ಲದವನಿಗೆ ಕೊನೆಯ ಆಸರೆಯೊಂದಿದೆ. ಅದು ನಿರ್ಣಾಯಕ ಪ್ರಮಾಣ. ಎದುರಾಳಿ ದೇವರ ಮೇಲೆ ಆಣೆ ಮಾಡಿ ಹೇಳಲಿ, ಅವನು ಹೇಳಿದ್ದನ್ನು ನಾನು ಒಪ್ಪುತ್ತೇನೆ ಎಂದು ಕೇಳಿಕೊಳ್ಳುವುದು. ಆಣೆ ಮಾಡಿದರೆ ಅವನು ಗೆದ್ದ, ಕೇಸು ಮುಗಿಯಿತು. ಮಾಡುವುದಿಲ್ಲ ಎಂದರೆ ಸೋತ. ಮೂರನೆಯ ದಾರಿಯೂ ಇದೆ: "ನಾನು ಮಾಡುವುದಿಲ್ಲ, ಕೇಳಿದವನೇ ಆಣೆ ಮಾಡಲಿ" ಎಂದು ಅದನ್ನು ತಿರುಗಿಸಿ ಕೊಡಬಹುದು. ಆಗ ಕೇಳಿದವನು ಆಣೆ ಮಾಡಿದರೆ ಗೆಲುವು ಅವನದ್ದು, ಮಾಡದಿದ್ದರೆ ಸೋಲು. ಊರಿನ ಕೋರ್ಟಿನಲ್ಲಿ ಕಟಕಟೆ ಹತ್ತಿದವರೆಲ್ಲ ಪ್ರಮಾಣ ಮಾಡುತ್ತಾರೆ, ಅದಕ್ಕೆ ಯಾರೂ ಬೆವರಿದ್ದನ್ನು ನಾನು ಕಂಡಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಆಣೆಯೇ ತೀರ್ಪು.

ಪೀಠ ಅರ್ಜಿಯನ್ನು ಒಪ್ಪಿತು. ಆಣೆಯ ವಾಕ್ಯವನ್ನೂ ಬರೆಸಿತು: ಈ ವಾದಿ ಈ ಅಂಗಡಿಯಲ್ಲಿ ನನ್ನ ಪಾಲುದಾರನಲ್ಲ, ಎಂದೂ ಆಗಿರಲಿಲ್ಲ ಎಂದು ಸರ್ವಶಕ್ತನಾದ ದೇವರ ಮೇಲೆ ಆಣೆ ಮಾಡುತ್ತೇನೆ. ಹಾಜಿಯವರು ಖುದ್ದಾಗಿ ಬರಬೇಕೆಂದು ದಿನ ಗೊತ್ತುಮಾಡಿತು.

ನಾನು ಅವರನ್ನು ಕಚೇರಿಗೆ ಕರೆಸಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಹಾಜಿಯವರು ಒಂದು ಚೂರೂ ಅಲುಗಲಿಲ್ಲ. ಖರ್ಜೂರದ ತಟ್ಟೆಯಿಂದ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

"ಅದಕ್ಕೆಂತ? ಉಸ್ತಾದ್ ಹಾಕಲಿ."

"ಏನು ಹಾಕಲಿ?"

"ಆಣೆ. ವಕಾಲತ್ತಿನಲ್ಲಿ ಎಲ್ಲ ಬರ್ದು ಕೊಟ್ಟಿದ್ದೇನಲ್ಲ. ನನ್ನ ಬದಲಿಗೆ ಮಾತಾಡುದು, ಸೈನು ಮಾಡುದು, ಎಲ್ಲ ಅವರದ್ದೇ. ಆಣೆಯೂ ಅವರೇ ಹಾಕುದು. ಅವರು ಅರಬಿಯಲ್ಲಿ ಹಾಕಿದ್ರೆ ಚಂದವೂ ಆಗ್ತದೆ."

ನನಗೆ ನಗು ಬಂತು. ನಕ್ಕೂ ಬಿಟ್ಟೆ. ಅವರು ನಗಲಿಲ್ಲ. ಆಗ ತಿಳಿಯಿತು, ಮನುಷ್ಯ ತಮಾಷೆ ಮಾಡುತ್ತಿಲ್ಲ. ದಾವೆ ಬಂದ ದಿನದಿಂದ ಅವರ ಲೆಕ್ಕಾಚಾರ ಇದೇ ಆಗಿತ್ತು. ಕೋರ್ಟಿನಲ್ಲಿ ಹೇಳುವ ಮಾತೆಲ್ಲ ವಕೀಲರ ಮಾತು, ಅದರ ಪಾಪಪುಣ್ಯವೂ ವಕೀಲರ ಖಾತೆಗೆ.

"ಹಾಜಿಯವರೇ, ಆಣೆಗೆ ವಕಾಲತ್ತು ಇಲ್ಲ. ನಿಮ್ಮ ಬಾಯಿಂದಲೇ ಬರಬೇಕು" ಎಂದೆ.

"ನನ್ನ ಬಾಯಿಂದ?"

"ನಿಮ್ಮ ಬಾಯಿಂದ. ನಿಮ್ಮ ಭಾವನ ಎದುರು."

ಹಾಜಿಯವರು ಬಾಯಲ್ಲಿದ್ದ ಬೀಜವನ್ನು ಎಲ್ಲಿ ಹಾಕುವುದೆಂದು ಗೊತ್ತಾಗದೆ ಕೈಯಲ್ಲಿ ಹಿಡಿದು ಕೂತರು. ಆಮೇಲೆ ನೆಲ ನೋಡುತ್ತ ನಡೆದದ್ದನ್ನು ಹೇಳಿದರು.

ದಾವೆಗೆ ಮೊದಲೇ ಐನ್ ಖಾಲಿದಿನಲ್ಲಿರುವ ಊರಿನ ಹಿರಿಯರೊಬ್ಬರು ಇಬ್ಬರನ್ನೂ ಮನೆಗೆ ಕರೆದು ಕೂರಿಸಿದ್ದರಂತೆ. ಶುಕ್ರವಾರದ ನಮಾಜು ಮುಗಿದು, ಊಟವಾಗಿ, ನಾಲ್ಕು ಜನ ದೊಡ್ಡವರ ಎದುರು ಹಿರಿಯರು ಕೇಳಿದ್ದರು: "ಅಂಗಡಿ ಯಾರದ್ದು?" ಹಾಜಿಯವರು ಹೇಳಿದ್ದರು: "ಇಬ್ಬರದ್ದೂ. ಅರ್ಧ ಅವನದ್ದೇ." ಆದರೆ ಅದನ್ನು ಬರೆದುಕೊಡು ಎಂದಾಗ ಸಿಟ್ಟು ನೆತ್ತಿಗೇರಿ ಎದ್ದು ಬಂದಿದ್ದರು.

"ನಾನು ಕೇಳಿದ್ದೆ ಅಲ್ವಾ, ಯಾರೆದುರಾದರೂ ಒಪ್ಪಿದ್ದೀರಾ ಅಂತ?" ನನ್ನ ಸ್ವರ ಏರಿತು. ಏರಬಾರದಿತ್ತೇನೋ, ಏರಿತು.

"ನೀವು ಕೇಳಿದ್ದು ಸರಕಾರದವರ ಎದುರು ಅಂತ ನಾನು ಅಂದ್ಕೊಂಡದ್ದು. ಅದು ನಮ್ಮ ಒಳಗಿನ ಮಾತು ಮೇಡಂ. ಹಿರಿಯರ ಮನೆಯಲ್ಲಿ ಆಡಿದ್ದು ಹೊಸ್ತಿಲು ದಾಟ್ಲಿಕ್ಕಿಲ್ಲ. ಅಲ್ಲಿ ಕೂತವರು ಕೋರ್ಟಿಗೆ ಬರುದಿಲ್ಲ, ನಾವು ಅವರ ಹೆಸರು ಹೇಳುದೂ ಇಲ್ಲ. ಭಾವನೂ ಹೇಳ್ಲಿಲ್ಲ, ನೋಡಿ. ಸೋತ್ರೂ ಹೇಳುದಿಲ್ಲ ಅವನು."

ಈಗ ಅರ್ಥವಾಯಿತು, ಭಾವ ಯಾಕೆ ಸಾಕ್ಷಿ ಕರೆಯಲಿಲ್ಲ, ಹಾಜಿಯವರು ಯಾಕೆ ಅಷ್ಟು ಧೈರ್ಯವಾಗಿದ್ದರು ಎಂದು. ಪಂಚಾಯಿತಿಯ ಮಾತು ಹೊರಗೆ ಹೋಗಬಾರದೆಂಬ ಕಟ್ಟುಪಾಡನ್ನು ಇಬ್ಬರೂ ಚಾಚೂ ತಪ್ಪದೆ ಪಾಲಿಸಿದ್ದರು. ಒಬ್ಬರಿಗೆ ಅದರಿಂದ ಕೇಸು ಹೋಗುತ್ತಿತ್ತು, ಇನ್ನೊಬ್ಬರಿಗೆ ಬರುತ್ತಿತ್ತು.

"ಅಲ್ಲಿ ಸತ್ಯ ಹೇಳಿ ಇಲ್ಲಿ ಯಾಕೆ ಸುಳ್ಳು ಬರೆಸಿದಿರಿ?" ಎಂದು ಕೇಳಿದೆ.

"ಹಿರಿಯರ ಎದುರು ಸುಳ್ಳು ಹೇಳ್ಲಿಕ್ಕೆ ಆಗ್ತದಾ?" ಎಂದರು ಹಾಜಿಯವರು, ನಾನೇ ಏನೋ ಅಸಭ್ಯ ಮಾತು ಆಡಿದಂತೆ. "ಕೋರ್ಟು ಬೇರೆ. ಕೋರ್ಟಿಗೆ ವಕೀಲರಿದ್ದಾರಲ್ಲ."

ಇಪ್ಪತ್ತು ವರ್ಷದ ವೃತ್ತಿಯಲ್ಲಿ ನಮ್ಮ ಕಸುಬಿಗೆ ಇಂಥ ಮರ್ಯಾದೆ ಬೇರೆ ಯಾರೂ ಕೊಟ್ಟಿರಲಿಲ್ಲ.

ಉಸ್ತಾದ್‌ಗೆ ಅಂದೇ ಎಲ್ಲ ಹೇಳಿದೆ. ಅವರು ಮಾತು ಕಡಿಮೆ ಆಡುವವರು, ಕಾಫಿಯ ಪುಟ್ಟ ಬಟ್ಟಲನ್ನು ತಿರುಗಿಸುತ್ತ ಕೇಳಿಸಿಕೊಂಡರು. ಮೊದಲು ರಾಜಿಗೆ ಒಪ್ಪಿಸಿ ನೋಡು ಎಂದರು. ನೋಡಿದೆ. ಹಾಜಿಯವರು ಮರುದಿನ ಬರುವಷ್ಟರಲ್ಲಿ ಬೇರೆಯೇ ಉಪಾಯ ಮಾಡಿಕೊಂಡಿದ್ದರು.

"ರಾಜಿ ಮಾಫಿ, ಆಗುದೇ ಇಲ್ಲ. ನನ್ನ ಕೈ ಬಿಟ್ಟು ಹೋಗುವವನಿಗೆ ನಾನು ತಲೆ ಬಗ್ಗಿಸುದಿಲ್ಲ. ನೀವು ವಾಕ್ಯ ಸ್ವಲ್ಪ ಆಚೀಚೆ ಮಾಡಿಸಿ. 'ಲೈಸನ್ಸಿನ ಪ್ರಕಾರ ಪಾಲುದಾರ ಅಲ್ಲ' ಅಂತ ಹಾಕ್ಸಿ. ಅದು ಸತ್ಯವೇ ಅಲ್ವಾ? ನಾನು ಆಣೆ ಹಾಕ್ತೇನೆ. ದೇವರಿಗೂ ಬೇಜಾರಿಲ್ಲ, ಕೇಸೂ ಗೆಲ್ತದೆ."

ಆಣೆಯ ವಾಕ್ಯ ತಿದ್ದಲು ಅರ್ಜಿ ಹಾಕುವುದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ನನಗೆ ಬೇಕಾದರೆ ಆ ಅರ್ಜಿಯನ್ನು ಅರ್ಧ ಗಂಟೆಯಲ್ಲಿ ಬರೆಯಬಲ್ಲೆ, ಪೀಠ ಒಪ್ಪುವ ಹಾಗೆಯೂ ಬರೆಯಬಲ್ಲೆ. ಅದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಬಿಟ್ಟದ್ದು ಕೈಲಾಗದೆ ಅಲ್ಲ. ಆದರೆ 'ಲೈಸನ್ಸಿನ ಪ್ರಕಾರ' ಎಂಬ ಆ ಎರಡು ಪದದಲ್ಲಿ ಏನಾಗುತ್ತಿತ್ತು? ಕಾವಲಿಯ ಮುಂದೆ ಆಯುಷ್ಯ ಸವೆಸಿದ ಒಬ್ಬ ಮನುಷ್ಯ, ಕೊಟ್ಟ ಮಾತಿಗಾಗಿ ಸಾಕ್ಷಿಯನ್ನೂ ಕರೆಯದವನು, ಶಾಶ್ವತವಾಗಿ ಬರೀ ಅಡುಗೆಯವನಾಗಿ ಉಳಿಯುತ್ತಿದ್ದ. ನಿರ್ಣಾಯಕ ಪ್ರಮಾಣದ ಮೇಲೆ ಮತ್ತೆ ವಾದವಿಲ್ಲ. ನಾನು ಅದನ್ನು ಉಸ್ತಾದ್‌ಗೆ ಹೇಳಿ, "ಈ ಅರ್ಜಿ ನಾನು ಬರೆಯುವುದಿಲ್ಲ" ಎಂದೆ.

"ಬರೆದಿದ್ದರೂ ನಾನು ಸಹಿ ಹಾಕುತ್ತಿರಲಿಲ್ಲ" ಎಂದರು. "ಗೊತ್ತಿಲ್ಲದೆ ಸುಳ್ಳಿನ ಪಕ್ಕ ನಿಂತರೆ ಅದು ನಮ್ಮ ದುರದೃಷ್ಟ. ಗೊತ್ತಿದ್ದೂ ಅದಕ್ಕೆ ಪದ ಹುಡುಕಿಕೊಟ್ಟರೆ ಸುಳ್ಳು ನಮ್ಮದೇ. ಯಲ್ಲಾ, ಹಿಂದೆ ಸರಿಯೋಣ. ಆದರೆ ಅವನಿಗೆ ಒಂದು ಕೂದಲೂ ಕೊಂಕದ ಹಾಗೆ ಸರಿಯಬೇಕು."

ಆ ಕೊನೆಯ ವಾಕ್ಯವೇ ಮುಂದಿನ ಕೆಲವು ವಾರಗಳ ಕೆಲಸವಾಯಿತು. ಪುತ್ತೂರಿನಲ್ಲಿ ಕಕ್ಷಿದಾರನ ಜೊತೆ ಜಟಾಪಟಿಯಾದರೆ ವಕಾಲತ್ತು ಬಿಡುತ್ತೇನೆಂದು ಒಂದು ರಿಟೈರ್‌ಮೆಂಟ್ ಮೆಮೊ ಹಾಕಿ, ಕೇಸಿನ ಕಟ್ಟು ಅವನ ಕೈಗೆ ಕೊಟ್ಟು, ಕ್ಯಾಂಟೀನಿನ ಕಡೆ ನಡೆದುಬಿಡುವ ವಕೀಲರನ್ನು ನಾನು ಬೇಕಾದಷ್ಟು ನೋಡಿದ್ದೆ. ಇಲ್ಲಿ ಮೊದಲು ಕಕ್ಷಿದಾರನಿಗೆ ತಿಳಿಸಬೇಕು, ತಿಳಿಸಿದ್ದಕ್ಕೆ ಪುರಾವೆ ಬೇಕು. ಬೇರೆ ವಕೀಲರನ್ನು ಹುಡುಕಲು ಅವನಿಗೆ ಸಮಯ ಸಿಗಬೇಕು. ಅಲ್ಲಿಯವರೆಗೆ ಅವನ ಹಿತಕ್ಕೆ ಧಕ್ಕೆ ಬಾರದಂತೆ ನಾವೇ ನೋಡಿಕೊಳ್ಳಬೇಕು. ಕಾರಣವನ್ನು ಮಾತ್ರ ಯಾರಿಗೂ ಹೇಳುವಂತಿಲ್ಲ, ನ್ಯಾಯಾಧೀಶರಿಗೂ. ಹೇಳಿದರೆ ನಾವೇ ಅವನ ವಿರುದ್ಧ ಸಾಕ್ಷಿ ನುಡಿದಂತೆ.

ಹಾಜಿಯವರಿಗೆ ಫೋನಿನಲ್ಲಿ ತಿಳಿಸಿದೆ. ಅವರು ಕಟ್ ಮಾಡಿದರು. ಮತ್ತೆ ಮಾಡಿದೆ, ಎತ್ತಲಿಲ್ಲ. ಲಿಖಿತ ನೋಟಿಸು ಕಳುಹಿಸಿದೆವು, ಅಂಗಡಿಯಲ್ಲಿ ಅದನ್ನು ತೆಗೆದುಕೊಳ್ಳುವವರೇ ಇಲ್ಲ. ತಮಾಷೆಯೆಂದರೆ, ಅದೇ ಸಂಜೆ ಕಚೇರಿಗೆ ದೊಡ್ಡದೊಂದು ಪಾರ್ಸೆಲ್ ಬಂತು. ಬಿಸಿ ಪರೋಟ, ಮೊಟ್ಟೆ ರೋಸ್ಟು, ಥರ್ಮಾಸಿನಲ್ಲಿ ಕರಕ್. ನೋಟಿಸು ಬೇಡ, ಊಟ ಮಾಡಿ, ಮರೆತುಬಿಡಿ ಎಂಬ ಸಂದೇಶ. ಅನುವಾದಕರ ಕಣ್ಣು ಪೊಟ್ಟಣದ ಮೇಲೆಯೇ ಇತ್ತು. ನಾನು ಮನಸ್ಸಿಲ್ಲದ ಮನಸ್ಸಿನಿಂದ ಅದನ್ನು ಹಾಗೆಯೇ ವಾಪಸು ಕಳಿಸಿದೆ. ಆಗ ತಿಂದಿದ್ದರೆ ನಾಳೆ ಅದಕ್ಕೂ ಒಂದು ಅರ್ಥ ಹುಟ್ಟುತ್ತಿತ್ತು.

ಆಣೆಗೆ ಗೊತ್ತಾದ ದಿನ ಬಂತು. ಹಾಜಿಯವರು ಬರಲಿಲ್ಲ. ನಾವು ಹೋಗದಿದ್ದರೆ ಅವರು ಆಣೆಗೆ ಹಿಂಜರಿದರು ಎಂದು ಪೀಠ ಬರೆದುಕೊಳ್ಳಬಹುದಿತ್ತು. ಬಿಡಬೇಕೆಂದಿದ್ದ ಕೇಸಿಗಾಗಿಯೇ ಉಸ್ತಾದ್ ಎದ್ದು ನಿಂತು ವಾಯಿದೆ ಕೇಳಿದರು. ಕಕ್ಷಿದಾರನ ವಕಾಲತ್ತಿನಿಂದ ಹಿಂದೆ ಸರಿಯುತ್ತಿದ್ದೇವೆ ಎಂದೂ ತಿಳಿಸಿದರು.

"ಕಾರಣ?" ಮುಖ್ಯ ನ್ಯಾಯಾಧೀಶರು ಕೇಳಿದರು.

"ವೃತ್ತಿಯ ಕಾರಣಗಳು."

ನ್ಯಾಯಾಧೀಶರು ಅದನ್ನು ಕೆದಕಲಿಲ್ಲ. ನೋಟಿಸು ಕಕ್ಷಿದಾರನಿಗೆ ತಲುಪಿದ್ದಕ್ಕೆ ಪುರಾವೆ ಕೇಳಿದರು. ಇರಲಿಲ್ಲ. ಹಾಗಾದರೆ ತಲುಪಿಸಿ ಬನ್ನಿ, ಅಲ್ಲಿಯವರೆಗೆ ನೀವೇ ಅವನ ವಕೀಲರು ಎಂದು ಮುಂದಿನ ದಿನ ಕೊಟ್ಟರು. ಹೊರಗೆ ಬಂದಾಗ ಎದುರು ಪಕ್ಷದ ವಕೀಲರು ಹುಬ್ಬು ಹಾರಿಸಿ ನಕ್ಕರು. ಉಸ್ತಾದ್ ಹವಾಮಾನದ ಬಗ್ಗೆ ಮಾತಾಡಿದರು.

ಆಮೇಲೆ ಐನ್ ಖಾಲಿದಿನ ಹಿರಿಯರ ಫೋನು ಬಂತು. ನಾನು ಅವರನ್ನು ಊರಿನವರ ಕಾರ್ಯಕ್ರಮಗಳಲ್ಲಿ ದೂರದಿಂದ ನೋಡಿದ್ದೆ ಅಷ್ಟೆ.

"ನಮಸ್ಕಾರ ಅಮ್ಮ. ಹಾಜಿ ತುಂಬ ಬೇಜಾರಲ್ಲಿದ್ದಾನೆ. ನೀವು ಬಿಡುದಂತಲ್ಲ, ಹೌದಾ?"

"ಹೌದು."

"ಯಾಕೆ ಅಂತ..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು.

ಕಾರಣ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಆ ಮಾತು ಆಡಿದ್ದೇ ಅವರ ಮನೆಯಲ್ಲಿ. ಆದರೆ ಅವರು ಹೊಸ್ತಿಲು ದಾಟಿಸುವಂತಿಲ್ಲ, ನಾನು ಕಕ್ಷಿದಾರನ ಗುಟ್ಟು ಬಿಡುವಂತಿಲ್ಲ. ಫೋನಿನ ಎರಡೂ ತುದಿಯಲ್ಲಿ ಒಂದೇ ವಿಷಯ ತಿಳಿದ ಇಬ್ಬರು ಬಾಯಿ ಹೊಲಿದುಕೊಂಡು ಕೂತಿದ್ದೆವು.

"ಆಯ್ತು. ನಾನು ಕೇಳುದಿಲ್ಲ, ನೀವು ಹೇಳ್ಬೇಡಿ" ಎಂದರು ಕೊನೆಗೆ. "ಆದ್ರೆ ಅವನ ಅಂಗಡಿಗೆ ಒಮ್ಮೆ ಹೋಗಿ ಅಮ್ಮ. ಅವನು ಕಾಗದಕ್ಕೆ ಹೆದರ್ತಾನೆ. ಮನುಷ್ಯರು ಎದುರು ಬಂದ್ರೆ ಹೋಗಿ ಅಂತ ಹೇಳುವವನಲ್ಲ."

ಹೋದೆ. ಮಧ್ಯಾಹ್ನದ ಊಟದ ಗದ್ದಲ ಇಳಿದ ಹೊತ್ತು. ಹೊಸ ಅಡುಗೆಯವನೊಬ್ಬ ಕಾವಲಿಯ ಮುಂದೆ ಪರೋಟದ ಹಿಟ್ಟಿನ ಜೊತೆ ಗುದ್ದಾಡುತ್ತಿದ್ದ. ಹಾಜಿಯವರು ನನ್ನನ್ನು ಕಂಡು ಎದ್ದರು, ಮತ್ತೆ ಕೂತರು.

"ನಡುನೀರಲ್ಲಿ ಕೈ ಬಿಡ್ಲಿಕ್ಕೆ ಬಂದ್ರಾ ಮೇಡಂ?"

"ನಡುನೀರಲ್ಲಿ ಬಿಡುವವಳಾಗಿದ್ದರೆ ಮನೆಯಲ್ಲೇ ಕೂತಿರ್ತಿದ್ದೆ. ದಡ ಎಲ್ಲಿದೆ ಅಂತ ಹೇಳ್ಲಿಕ್ಕೆ ಬಂದದ್ದು."

"ಊರಿನವರು ಅಂತ ನಿಮ್ಮ ಹತ್ರ ಬಂದದ್ದು ನಾನು. ಮಲಯಾಳಿ ವಕೀಲನ ಹತ್ರ ಹೋಗಿದ್ರೆ ಇಷ್ಟೆಲ್ಲ ಇರ್ತಿರ್ಲಿಲ್ಲ."

"ಈಗಲೂ ಹೋಗಬಹುದು. ಕಟ್ಟು ಪೂರ್ತಿ ಕೊಡ್ತೇನೆ, ಒಂದು ಹಾಳೆ ಇಟ್ಟುಕೊಳ್ಳುವುದಿಲ್ಲ. ನೀವು ನನ್ನ ಹತ್ತಿರ ಹೇಳಿದ್ದು ನನ್ನ ಹತ್ತಿರವೇ ಇರ್ತದೆ, ಅವರಿಗೂ ಹೇಳುವುದಿಲ್ಲ. ಆದರೆ ಯಾವ ವಕೀಲ ಬಂದರೂ ಬಾಯಿ ನಿಮ್ಮದೇ ತೆರೆಯಬೇಕು."

ನಾನು ಕುರ್ಚಿ ಎಳೆದು ಕೂತು ಮೂರು ದಾರಿಗಳನ್ನೂ ಮತ್ತೆ ಹೇಳಿದೆ. ಹಾಕಿದರೆ ಹೀಗೆ, ಹಾಕದಿದ್ದರೆ ಹೀಗೆ, ತಿರುಗಿಸಿ ಕೊಟ್ಟರೆ ಹೀಗೆ. ಯಾವುದನ್ನು ಆರಿಸಿ ಎಂದು ಹೇಳಲಿಲ್ಲ. ನಾನು ಹೇಳಬೇಕಾದ್ದೂ ಅಲ್ಲ. ಬರದಿದ್ದರೆ ಮಾತ್ರ ಕೆಡುತ್ತದೆ, ಏನೇ ಆಗಲಿ ಬನ್ನಿ ಎಂದೆ.

"ಅವನೇ ಹಾಕಲಿ ಅಂತ ಹೇಳ್ಲಿಕ್ಕೂ ಆಗ್ತದಾ?" ಎಂದರು, ಆ ದಾರಿಯನ್ನು ಮೊದಲ ಸಲ ಕೇಳಿಸಿಕೊಂಡವರಂತೆ.

"ಆಗ್ತದೆ."

"ನಮ್ಮ ಅಬ್ಬ ಸತ್ಯಕ್ಕೂ ಆಣೆ ಹಾಕ್ಬಾರ್ದು ಅಂತ ಹೇಳುವವರು. ಮನೆಯಲ್ಲಿ ಒಬ್ಬರೂ ಹಾಕುದಿಲ್ಲ ನಾವು. ಭಾವನ ಮನೆಯಲ್ಲಿಯೂ ಹಾಗೆಯೇ." ಗಲ್ಲಾದ ಮೇಲಿನ ಸಕ್ಕರೆಯ ಹರಳುಗಳನ್ನು ಬೆರಳಿನಿಂದ ಒಟ್ಟು ಮಾಡುತ್ತ ಕೂತರು. ಆಮೇಲೆ ಕೈ ಚಾಚಿದರು. "ಕೊಡಿ ನಿಮ್ಮ ನೋಟಿಸು. ಎಲ್ಲಿ ಸೈನು ಮಾಡುದು?"

ಸಹಿ ಮಾಡುವಾಗ ಅವರ ಕಣ್ಣು ತುಂಬಿತ್ತು. ನನಗೂ ಬೇಸರವಾಯಿತು. ಕೇಸು ಬಿಟ್ಟದ್ದಕ್ಕೆ ಅಲ್ಲ, ಒಬ್ಬ ಹಿರಿಯ ಮನುಷ್ಯನನ್ನು ಒಂಟಿ ಮಾಡಿ ಎದ್ದು ಬರಬೇಕಾಯಿತಲ್ಲ ಎಂದು. ಆದರೆ ಮೆಟ್ಟಿಲಿಳಿದು ಬಿಸಿಲಿಗೆ ಬಂದಾಗ ನಾವು ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ನಾವು ಹಿಂದೆ ಸರಿಯುವುದನ್ನು ಪೀಠ ಒಪ್ಪಿತು. ಹೊಸ ವಕೀಲರನ್ನು ನೇಮಿಸಿಕೊಳ್ಳಲು ಹಾಜಿಯವರಿಗೆ ಸಮಯ ಕೊಟ್ಟು ಆಣೆಯನ್ನು ಮುಂದಕ್ಕೆ ಹಾಕಿತು. ಕಟ್ಟನ್ನು ನಾನೇ ಒಯ್ದು ಕೊಟ್ಟು ಬಂದೆ. ಅಲ್ಲಿಗೆ ನಮ್ಮ ಮಟ್ಟಿಗೆ ಖಲಾಸ್.

ಆಣೆಯ ದಿನ ಅದೇ ಪೀಠದ ಮುಂದೆ ನಮ್ಮ ಬೇರೊಂದು ಕೇಸು ಇತ್ತು, ಹಾಗಾಗಿ ಉಸ್ತಾದರ ಜೊತೆ ನಾನು ಹಿಂದಿನ ಬೆಂಚಿನಲ್ಲಿದ್ದೆ. ಹಾಜಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಒಬ್ಬರೇ ಬಂದರು. ನನ್ನ ಕಡೆ ನೋಡಿದರು, ತಲೆಯಾಡಿಸಲಿಲ್ಲ. ಭಾವ ತಮ್ಮ ವಕೀಲರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

ವಕೀಲರು ಎಲ್ಲಿ ಎಂದು ನ್ಯಾಯಾಧೀಶರು ಕೇಳಿದರು. ಇಲ್ಲ ಎಂದರು. ಇನ್ನೂ ಸಮಯ ಬೇಕೇ? ಬೇಡ. ಭಾಷಾಂತರಕಾರ ಬೇಕೇ? ಹಾಜಿಯವರು ತಲೆ ಅಲ್ಲಾಡಿಸಿದರು. ಅಷ್ಟು ವರ್ಷ ಅಂಗಡಿಯ ಮುಂದೆ ನಿಂತ ಕಾರುಗಳ ಜೊತೆ ಆಡಿದ ಅರಬ್ಬಿ ಅವರಿಗೆ ಸಾಕಿತ್ತು. ಗುಮಾಸ್ತ ಆಣೆಯ ವಾಕ್ಯವನ್ನು ಓದಿದ. ಆ ಎರಡು ಪದ ಸೇರಿಸದ, ಹಳೆಯ ವಾಕ್ಯವೇ. ಹಾಜಿಯವರು ಈಗ ಬಾಯಿ ತೆರೆದು ಅದನ್ನು ಹೇಳಿಬಿಟ್ಟರೆ ನಾನು ಮಾಡುವಂಥದ್ದು ಏನೂ ಇರಲಿಲ್ಲ. ಗೊತ್ತಿದ್ದೂ ಸುಮ್ಮನೆ ಕೂತಿರಬೇಕಾಗಿತ್ತು. ಕೇಸು ಬಿಡುವುದರ ನಿಜವಾದ ಕಷ್ಟ ಅದು.

ಹಾಜಿಯವರು ಭಾವನ ಕಡೆ ಕೈ ತೋರಿಸಿದರು. ಅವನೇ ಹಾಕಲಿ, ಅವನು ಹಾಕಿದರೆ ನಾನು ಒಪ್ಪುತ್ತೇನೆ ಎಂದರು.

ಆಣೆ ತಿರುಗಿತು. ಭಾವನ ವಕೀಲರ ಮುಖ ಅರಳಿತು, ಕೇಸು ಗೆದ್ದ ಹಾಗೆಯೇ. ಆದರೆ ಭಾವನ ಮುಖದಲ್ಲಿ ರಕ್ತವಿರಲಿಲ್ಲ. ವಾಕ್ಯವನ್ನು ತಿದ್ದಿ ಬರೆದದ್ದಾಯಿತು, ಗುಮಾಸ್ತ ಓದಿದ್ದಾಯಿತು, ಅವರನ್ನು ಮುಂದೆ ಕರೆದದ್ದಾಯಿತು. ಅವರು ಬಂದು ನಿಂತರು. ಹೇಳಬೇಕಾದ್ದು ಸತ್ಯವೇ, ಆದರೂ ಒಮ್ಮೆ ಬಾಯಿ ತೆರೆದು ಮುಚ್ಚಿದರು. ಎರಡನೆಯ ಸಲ ದೇವರ ಹೆಸರಿನ ಮೊದಲ ಅಕ್ಷರ ಹೊರಗೆ ಬಂದಿತ್ತೋ ಇಲ್ಲವೋ, ಹಾಜಿಯವರು ಎರಡೂ ಕೈ ಎತ್ತಿದರು.

"ಖಲಾಸ್, ಖಲಾಸ್!"

ಪೀಠದಲ್ಲಿದ್ದವರೆಲ್ಲ ಅವರ ಕಡೆ ತಿರುಗಿದರು. ಹಾಜಿಯವರು ನ್ಯಾಯಾಧೀಶರನ್ನು ನೋಡಲಿಲ್ಲ, ಭಾವನನ್ನು ನೋಡಿದರು. "ಬೇಡ ಭಾವ, ನೀನು ಹಾಕ್ಬೇಡ" ಎಂದರು, ನಮ್ಮ ಭಾಷೆಯಲ್ಲೇ. ಆಮೇಲೆ ಪೀಠದ ಕಡೆ ತಿರುಗಿ, ಅಂಗಡಿಯ ಹರಕುಮುರುಕು ಅರಬ್ಬಿಯಲ್ಲಿ ಹೇಳಿದರು: "ಹಾದಾ ಶರೀಕ್ ಮಾಲ್ ಅನಾ." ಇವನು ನನ್ನ ಪಾಲುದಾರ.

ನ್ಯಾಯಾಧೀಶರು ಮತ್ತೊಮ್ಮೆ ಹೇಳಿ ಎಂದರು. ಅವರು ಮತ್ತೊಮ್ಮೆ ಹೇಳಿದರು, ಈ ಸಲ ಇನ್ನೂ ಜೋರಾಗಿ. ಬರೆದುಕೋ ಎಂದು ಗುಮಾಸ್ತನಿಗೆ ಸನ್ನೆಯಾಯಿತು. ಭಾವ ಅಲ್ಲೇ ನಿಂತು ಮುಖಕ್ಕೆ ಕೈ ಹಿಡಿದುಕೊಂಡು ಅತ್ತರು. ಉಸ್ತಾದ್ ನನ್ನ ಕಡೆ ಬಾಗಿ, "ಈ ವ್ಯಾಕರಣಕ್ಕೆ ನಮ್ಮ ಕಚೇರಿಯಲ್ಲಿ ಯಾರೂ ಸಹಿ ಹಾಕುತ್ತಿರಲಿಲ್ಲ" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು.

ಅಲ್ ಗರಾಫಾದಲ್ಲಿ ಈಗ ಅದೇ ಹೆಸರಿನ ಇನ್ನೊಂದು ಅಂಗಡಿ ಇದೆ. ಬಿನ್ ಮಹಮೂದಿನದ್ದೂ ನಡೆಯುತ್ತಿದೆ. ಭಾವ ವಾರಕ್ಕೊಮ್ಮೆ ಬಂದು ಹೊಸ ಅಡುಗೆಯವನಿಗೆ ಹಿಟ್ಟು ಹೊಡೆಯುವುದನ್ನು ಕಲಿಸುತ್ತಾರೆ. ಭಾವಂದಿರಿಬ್ಬರೂ ಮೊದಲಿನಂತಾಗಿದ್ದಾರೆ ಎಂದು ನಾನು ಹೇಳಲಾರೆ. ಬೋರ್ಡಿನ ಬಣ್ಣ ಯಾವುದಿರಬೇಕೆಂದು ನನ್ನೆದುರೇ ಜಗಳವಾಡಿದ್ದಾರೆ. ಹಾಜಿಯವರ ಸಿಟ್ಟು ನನ್ನ ಮೇಲೂ ಪೂರ್ತಿ ಹೋಗಿಲ್ಲ.

ಮೊನ್ನೆ ಆ ಕಡೆ ಹೋದವಳು ಒಳಗೆ ಹೊಕ್ಕೆ. ಅಂಗಡಿ ಜನರಿಂದ ತುಂಬಿತ್ತು. ಹಾಜಿಯವರು ಗಲ್ಲಾದಿಂದಲೇ ಇಡೀ ಅಂಗಡಿಗೆ ಕೇಳುವಂತೆ ನನ್ನ ಪರಿಚಯ ಮಾಡಿಕೊಟ್ಟರು. ನಾನು ಹೋದಾಗಲೆಲ್ಲ ಹಾಗೆಯೇ ಮಾಡುತ್ತಾರೆ.

"ಇವರು ಕೋರ್ಟಿನಲ್ಲಿ ನನ್ನನ್ನು ಬಿಟ್ಟು ಹೋದ ವಕೀಲರು" ಎಂದರು. "ಒಳ್ಳೆಯ ಜನ. ಕೂತ್ಕೊಳ್ಲಿಕ್ಕೆ ಜಾಗ ಕೊಡಿ."